ವಿಶ್ವವಿದ್ಯಾನಿಲಯ ಬದಲಾವಣೆ ಮತ್ತು ಅಂತರಕಾಲೇಜು ಕ್ರೀಡೆ: ಬೆಂಗಳೂರಿನ ಕಾಲೇಜು ತಂಡಗಳು

ಕಾಲೇಜೊಂದರ ಕ್ರೀಡಾ ತಂಡವು ತಾನು ವರ್ಷವರ್ಷವೂ ಆಡುತ್ತ ಬಂದ ಸ್ಪರ್ಧೆಗಳ ವ್ಯಾಪ್ತಿಯನ್ನು ಬಿಟ್ಟು ಬೇರೊಂದು ವ್ಯಾಪ್ತಿಗೆ ಸೇರಿದಾಗ ಅದರ ಎದುರಾಳಿಗಳು, ಪ್ರಯಾಣದ ದೂರ, ಪಂದ್ಯಗಳ ವೇಳಾಪಟ್ಟಿ, ಆಟಗಾರರಿಗೆ ದೊರೆಯುವ ಅವಕಾಶ ಇವೆಲ್ಲವೂ ಒಮ್ಮೆಗೇ ಬದಲಾಗುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಫುಟ್‌ಬಾಲಿನಲ್ಲಿ ಇದು ಕಾನ್ಫರೆನ್ಸ್ ಬದಲಾವಣೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದು, ಅಲ್ಲಿನ ಸಾರ್ವಜನಿಕ ಚರ್ಚೆಯ ದೊಡ್ಡ ವಸ್ತುವಾಗಿದೆ. ಭಾರತದಲ್ಲಿ ಈ ವಿದ್ಯಮಾನಕ್ಕೆ ಪ್ರತ್ಯೇಕ ಹೆಸರು ರೂಢಿಯಲ್ಲಿಲ್ಲ. ಆದರೂ ಕಾಲೇಜೊಂದು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆಯೋ ಆ ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಾವಳಿಯಲ್ಲಿಯೇ ಅದರ ತಂಡ ಆಡಬೇಕಾಗಿರುವುದರಿಂದ, ವಿಶ್ವವಿದ್ಯಾನಿಲಯದ ಬದಲಾವಣೆ ಇಲ್ಲಿ ತಾನೇ ತಾನಾಗಿ ಕ್ರೀಡಾಕಣದ ಬದಲಾವಣೆಯೂ ಆಗುತ್ತದೆ. ಬೆಂಗಳೂರಿನ ಹಳೆಯ ಕಾಲೇಜುಗಳು 1916ರಿಂದ ಈಚೆಗೆ ಇಂಥ ಬದಲಾವಣೆಯನ್ನು ಹಲವು ಬಾರಿ ಕಂಡಿವೆ. ಅವುಗಳಲ್ಲಿ ಯಾವುದೂ ಆಟದ ಕಾರಣಕ್ಕಾಗಿ ನಡೆದದ್ದಲ್ಲ, ಆದರೆ ಪ್ರತಿಯೊಂದೂ ನಗರದ ಕಾಲೇಜು ಕ್ರೀಡೆಯ ನಕ್ಷೆಯನ್ನು ಹೊಸದಾಗಿ ಬರೆದಿದೆ.

ಪರಿಭಾಷೆ ಮತ್ತು ವ್ಯವಸ್ಥೆ

ಪದವಿ ನೀಡುವ ಅಧಿಕಾರವಿಲ್ಲದ ಕಾಲೇಜು, ಆ ಅಧಿಕಾರವಿರುವ ವಿಶ್ವವಿದ್ಯಾನಿಲಯದ ಪಠ್ಯಕ್ರಮ, ಪರೀಕ್ಷೆ ಮತ್ತು ನಿಯಮಗಳಿಗೆ ಒಳಪಡುವುದನ್ನು ಸಂಯೋಜನೆ ಎಂದೂ, ಹಾಗೆ ಒಳಪಟ್ಟ ಕಾಲೇಜನ್ನು ಸಂಯೋಜಿತ ಕಾಲೇಜು ಎಂದೂ ಕರೆಯಲಾಗುತ್ತದೆ. ವಿಶ್ವವಿದ್ಯಾನಿಲಯವೇ ನೇರವಾಗಿ ನಡೆಸುವ ಕಾಲೇಜು ಘಟಕ ಕಾಲೇಜು. ಪಠ್ಯಕ್ರಮ ಮತ್ತು ಪರೀಕ್ಷೆಗಳನ್ನು ತಾನೇ ರೂಪಿಸಿಕೊಳ್ಳುವ ಅನುಮತಿ ಪಡೆದಿದ್ದರೂ ಪದವಿಯನ್ನು ಮಾತೃ ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೇ ಕೊಡಿಸುವ ಕಾಲೇಜನ್ನು ಸ್ವಾಯತ್ತ ಕಾಲೇಜು ಎನ್ನುತ್ತಾರೆ. ಕೇಂದ್ರ ಸರ್ಕಾರದ ಅಧಿಸೂಚನೆಯ ಮೂಲಕ ವಿಶ್ವವಿದ್ಯಾನಿಲಯದ ಸ್ಥಾನ ಪಡೆದ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾನಿಲಯ ಎಂಬ ಹೆಸರಿದ್ದು, ಬಳಕೆಯಲ್ಲಿ ಅದು ಡೀಮ್ಡ್ ವಿಶ್ವವಿದ್ಯಾನಿಲಯ. ಕ್ರೀಡೆಯ ದೃಷ್ಟಿಯಿಂದ ಈ ಭೇದಗಳು ಮುಖ್ಯವಾದವು: ಸ್ವಾಯತ್ತತೆ ಪಡೆದ ಕಾಲೇಜು ಮಾತೃ ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಗಳಲ್ಲಿಯೇ ಮುಂದುವರಿಯುತ್ತದೆ, ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾನಿಲಯವಾದ ಕಾಲೇಜು ಆ ಪಂದ್ಯಗಳಿಂದ ಹೊರಬಂದು ತಾನೇ ಒಂದು ಪ್ರತ್ಯೇಕ ತಂಡವಾಗುತ್ತದೆ.

ಸ್ಪರ್ಧೆಯ ವ್ಯವಸ್ಥೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಅಂತರಕಾಲೇಜು ಪಂದ್ಯಾವಳಿ. ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗವು ಒಂದೊಂದು ಕ್ರೀಡೆಯ ಪಂದ್ಯಾವಳಿಯನ್ನು ಒಂದೊಂದು ಆತಿಥೇಯ ಕಾಲೇಜಿಗೆ ವಹಿಸಿಕೊಡುತ್ತದೆ. ಅಲ್ಲಿ ತೋರಿದ ಆಟವನ್ನು ಗಮನಿಸಿ ಆಯ್ಕೆ ಸಮಿತಿಯು ವಿಶ್ವವಿದ್ಯಾನಿಲಯದ ತಂಡವನ್ನು ಆರಿಸುತ್ತದೆ, ಆ ತಂಡಕ್ಕೆ ತರಬೇತಿ ಶಿಬಿರ ನಡೆಯುತ್ತದೆ. ಎರಡನೆಯದು ವಲಯ ಮಟ್ಟದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿ. ಇದಕ್ಕಾಗಿ ದೇಶವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿದ್ದು, ಕರ್ನಾಟಕದ ವಿಶ್ವವಿದ್ಯಾನಿಲಯಗಳು ದಕ್ಷಿಣ ವಲಯಕ್ಕೆ ಸೇರುತ್ತವೆ. ಮೂರನೆಯದು ವಲಯಗಳಲ್ಲಿ ಮುಂದೆ ಬಂದ ತಂಡಗಳು ಕೂಡುವ ಅಖಿಲ ಭಾರತ ಮಟ್ಟ. ಈ ಎರಡು ಮೇಲಿನ ಮೆಟ್ಟಿಲುಗಳ ಹೊಣೆ, 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿ ಎಂಬ ಹೆಸರಿನಲ್ಲಿ ಹುಟ್ಟಿದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ್ದು. ಕ್ರಿಕೆಟ್ಟಿನಲ್ಲಿ ವಿಶ್ವವಿದ್ಯಾನಿಲಯಗಳ ನಡುವಿನ ರೋಹಿಂಟನ್ ಬಾರಿಯಾ ಟ್ರೋಫಿ 1935–36ರಲ್ಲಿ ಆರಂಭವಾಯಿತು. ವಲಯಗಳ ಸಂಯುಕ್ತ ತಂಡಗಳು ವಿಜ್ಜಿ ಟ್ರೋಫಿಗಾಗಿ ಸೆಣಸುತ್ತವೆ. ವಿಶ್ವವಿದ್ಯಾನಿಲಯಗಳ ಒಟ್ಟು ಕ್ರೀಡಾಸಾಧನೆಗೆ ನೀಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956–57ರಿಂದ ರೂಢಿಯಲ್ಲಿದೆ. ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾದ ವಿದ್ಯಾರ್ಥಿಯನ್ನು ಕಾಲೇಜುಗಳಲ್ಲಿ ಯೂನಿವರ್ಸಿಟಿ ಬ್ಲೂ ಎಂದು ಕರೆಯುವ ರೂಢಿಯಿದೆ. ಆ ಗೌರವ ಯಾವ ಬಣ್ಣದ ಜೆರ್ಸಿಯಲ್ಲಿ ಸಿಗುತ್ತದೆ ಎಂಬುದನ್ನು ಕಾಲೇಜಿನ ಸಂಯೋಜನೆಯೇ ತೀರ್ಮಾನಿಸುತ್ತದೆ.

ಮದ್ರಾಸಿನಿಂದ ಮೈಸೂರಿಗೆ

ಬೆಂಗಳೂರಿನ ಉನ್ನತ ಶಿಕ್ಷಣದ ಮೊದಲ ಕೇಂದ್ರವಾದ ಸೆಂಟ್ರಲ್ ಕಾಲೇಜು 1858ರಲ್ಲಿ ಬೆಂಗಳೂರು ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಈಗಿನ ಹೆಸರನ್ನು ಪಡೆಯಿತು. ಆ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯವಿರಲಿಲ್ಲವಾದ್ದರಿಂದ ಈ ಕಾಲೇಜು 1857ರಲ್ಲಿ ಸ್ಥಾಪಿತವಾದ ಮದ್ರಾಸ್ ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಎಚ್.ವಿ. ನಂಜುಂಡಯ್ಯನವರು ಅದರ ಮೊದಲ ಕುಲಪತಿಗಳಾದರು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇವೆರಡೂ ಹೊಸ ವಿಶ್ವವಿದ್ಯಾನಿಲಯದ ಆಧಾರಸ್ತಂಭಗಳಾದವು. 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜೂ ಇದೇ ವಿಶ್ವವಿದ್ಯಾನಿಲಯದ ಅಂಗವಾಯಿತು.

ಇದು ಬೆಂಗಳೂರಿನ ಕಾಲೇಜು ಕ್ರೀಡೆ ಕಂಡ ಮೊದಲ ವ್ಯಾಪ್ತಿ ಬದಲಾವಣೆ. ಅದೇ ಊರಿನ ದಂಡು ಪ್ರದೇಶ ಮಾತ್ರ ಬ್ರಿಟಿಷ್ ಆಡಳಿತದಲ್ಲಿದ್ದು, ಅಲ್ಲಿ 1882ರಲ್ಲಿ ಆರಂಭವಾದ ಸೇಂಟ್ ಜೋಸೆಫ್ಸ್ ಕಾಲೇಜು ಮದ್ರಾಸಿನ ಕಡೆಗೇ ಮುಖ ಮಾಡಿತ್ತು. ಕಬ್ಬನ್ ಪಾರ್ಕಿನ ಈಚೆಗೊಂದು, ಆಚೆಗೊಂದು ವಿಶ್ವವಿದ್ಯಾನಿಲಯ ಎಂಬ ಸ್ಥಿತಿ ಅಂದಿನದು. ಒಂದೇ ನಗರದ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ತಂಡಗಳಾಗುವ ಇಂದಿನ ಪರಿಸ್ಥಿತಿಯ ಬೀಜರೂಪ ಅಲ್ಲಿಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಒಳಗೆ ಬೆಂಗಳೂರಿನ ತಂಡಗಳ ಸಹಜ ಎದುರಾಳಿಗಳು ಸುಮಾರು 140 ಕಿಲೋಮೀಟರ್ ದೂರದ ಮೈಸೂರಿನ ಕಾಲೇಜುಗಳಾಗಿದ್ದು, ಎರಡು ಊರುಗಳ ನಡುವಿನ ಸ್ಪರ್ಧೆಗೆ ಅದೊಂದು ಖಾಯಂ ವೇದಿಕೆಯಾಯಿತು. ಸೆಂಟ್ರಲ್ ಕಾಲೇಜಿನ ಮೈದಾನವು ಕಾಲೇಜಿನ ಬಳಕೆಗಷ್ಟೇ ಸೀಮಿತವಾಗಿರದೆ, 1970ರ ದಶಕದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಬಳಕೆಗೆ ಬರುವವರೆಗೂ ಮೈಸೂರು ರಾಜ್ಯ ತಂಡದ ರಣಜಿ ಪಂದ್ಯಗಳಿಗೂ ನೆಲೆಯಾಗಿತ್ತು.

1945ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು, 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜು, 1955ರಲ್ಲಿ ಕೋಟೆ ಪ್ರದೇಶದ ಬೆಂಗಳೂರು ವೈದ್ಯಕೀಯ ಕಾಲೇಜು ಹೀಗೆ ಒಂದರ ಹಿಂದೊಂದು ಕಾಲೇಜುಗಳು ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಬೆಂಗಳೂರಿನ ಪಾಲು ಹಿಗ್ಗುತ್ತ ಹೋಯಿತು. ಕಲೆ, ವಿಜ್ಞಾನ, ಇಂಜಿನಿಯರಿಂಗ್, ವೈದ್ಯಕೀಯ ಎಂಬ ಭೇದವಿಲ್ಲದೆ ಎಲ್ಲ ವಿದ್ಯಾರ್ಥಿಗಳೂ ಒಂದೇ ಪಂದ್ಯಾವಳಿಯಲ್ಲಿ ಆಡುತ್ತಿದ್ದುದು ಈ ಕಾಲದ ವೈಶಿಷ್ಟ್ಯ.

1964: ನಗರಕ್ಕೊಂದು ವಿಶ್ವವಿದ್ಯಾನಿಲಯ

1964ರ ಜುಲೈ 10ರಂದು ಬೆಂಗಳೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದು, ಸೆಂಟ್ರಲ್ ಕಾಲೇಜು ಮತ್ತು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಅದರ ಘಟಕಗಳಾದವು. ಬೆಂಗಳೂರಿನ ಕಾಲೇಜುಗಳೆಲ್ಲ ಒಟ್ಟಾಗಿ ಮೈಸೂರನ್ನು ಬಿಟ್ಟು ಹೊಸ ವ್ಯಾಪ್ತಿಗೆ ಸೇರಿದ್ದರಿಂದ, ನೂರಾರು ಕಿಲೋಮೀಟರ್ ಪ್ರಯಾಣದ ಎದುರಾಳಿಗಳ ಬದಲಿಗೆ ನಗರ ಸಾರಿಗೆಯ ಬಸ್ಸಿನಲ್ಲಿ ಹೋಗಿ ಆಡಿಬರಬಹುದಾದ ಎದುರಾಳಿಗಳು ದೊರೆತರು. ಮಲ್ಲೇಶ್ವರ ಮತ್ತು ಬಸವನಗುಡಿ, ಚಾಮರಾಜಪೇಟೆ ಮತ್ತು ದಂಡು ಪ್ರದೇಶ ಒಂದೇ ಪಂದ್ಯಾವಳಿಯ ಪಟ್ಟಿಯಲ್ಲಿ ಎದುರುಬದುರಾದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜೋಡಿ ಬಡಾವಣೆಗಳಾಗಿ ರೂಪುಗೊಂಡ ಮಲ್ಲೇಶ್ವರ ಮತ್ತು ಬಸವನಗುಡಿಗಳ ನಡುವೆ ಸಂಗೀತ, ನಾಟಕ, ತಿಂಡಿಮನೆಗಳ ವಿಷಯದಲ್ಲಿ ಮೊದಲಿಂದಲೂ ಇದ್ದ ಸ್ನೇಹಪೂರ್ಣ ಪೈಪೋಟಿಗೆ ಕಾಲೇಜು ಮೈದಾನವೂ ಸೇರಿಕೊಂಡಿತು.

1972ರಿಂದ 1977ರವರೆಗೆ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಬಂದವರು. ಅವರ ಕಾಲದಲ್ಲಿಯೇ, 1973ರಲ್ಲಿ, ವಿಶ್ವವಿದ್ಯಾನಿಲಯವು ಮೈಸೂರು ರಸ್ತೆಯ ಜ್ಞಾನಭಾರತಿ ಆವರಣಕ್ಕೆ ವಿಸ್ತರಿಸಿತು. 1964ರಿಂದ 1990ರ ದಶಕದ ನಡುಭಾಗದವರೆಗಿನ ಮೂವತ್ತು ವರ್ಷಗಳನ್ನು ಬೆಂಗಳೂರಿನ ಅಂತರಕಾಲೇಜು ಕ್ರೀಡೆಯ ಒಗ್ಗಟ್ಟಿನ ಕಾಲ ಎನ್ನಬಹುದು. ಮುಂದೆ ಭಾರತ ತಂಡದ ನಾಯಕರಾದ ಅನಿಲ್ ಕುಂಬ್ಳೆಯವರು ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಗ ಆ ಕಾಲೇಜು ಬೆಂಗಳೂರು ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿತ್ತು. ಇಂಜಿನಿಯರಿಂಗ್ ವಿದ್ಯಾರ್ಥಿಯೂ ಬಿ.ಕಾಂ. ವಿದ್ಯಾರ್ಥಿಯೂ ಒಂದೇ ಆಯ್ಕೆ ಶಿಬಿರದಲ್ಲಿ ಬೌಲ್ ಮಾಡಬಹುದಾಗಿದ್ದ ಕಾಲ ಅದು.

ಮಲ್ಲೇಶ್ವರ ಮತ್ತು ಸಂಪಿಗೆ ರಸ್ತೆಯ ಸುತ್ತಣ ಪರಿಸರ

ಮಲ್ಲೇಶ್ವರದ ಬೆನ್ನೆಲುಬಿನಂತಿರುವ ಸಂಪಿಗೆ ರಸ್ತೆಯು, ಅದನ್ನು ಅಡ್ಡಹಾಯುವ ಕ್ರಾಸುಗಳ ಸಂಖ್ಯೆಯಿಂದಲೇ ಗುರುತು ಹೇಳುವ ಬಡಾವಣೆಯೊಂದರ ಮುಖ್ಯ ಬೀದಿ. 1956ರಲ್ಲಿ ಸ್ಥಾಪಿತವಾದ ಮೈಸೂರು ಎಜುಕೇಷನ್ ಸೊಸೈಟಿಯ ಎಂ.ಇ.ಎಸ್. ಕಾಲೇಜು, ಮಲ್ಲೇಶ್ವರಂ ಲೇಡೀಸ್ ಅಸೋಸಿಯೇಷನ್ನಿನ ವಿದ್ಯಾಸಂಸ್ಥೆಗಳು, ತುಸು ಉತ್ತರಕ್ಕೆ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ, ಅದರಾಚೆ 1962ರಲ್ಲಿ ಆರಂಭವಾದ ರಾಮಯ್ಯ ತಾಂತ್ರಿಕ ಕಾಲೇಜು ಇವೆಲ್ಲ ಒಂದು ಸಂಜೆಯ ನಡಿಗೆಗೆ ಅಥವಾ ಸ್ವಲ್ಪ ಹೊತ್ತಿನ ಬಸ್ ಪ್ರಯಾಣಕ್ಕೆ ಎಟಕುವಷ್ಟು ಹತ್ತಿರದಲ್ಲಿವೆ. ಬಡಾವಣೆಯ ಕ್ರೀಡಾಪರಂಪರೆಯೂ ಸಣ್ಣದಲ್ಲ. ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಕಲಿತದ್ದು ಇಲ್ಲಿನ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಬೀಗಲ್ಸ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಹೆಸರೂ ಮಲ್ಲೇಶ್ವರದೊಂದಿಗೇ ಬೆರೆತಿದೆ.

ಆದರೆ ಸಂಯೋಜನೆಯ ಪಟ್ಟಿಯನ್ನು ತೆರೆದು ನೋಡಿದರೆ ಈ ನೆರೆಹೊರೆಯವರು ಬೇರೆ ಬೇರೆ ಲೋಕಗಳಿಗೆ ಸೇರಿದವರಾಗಿ ಕಾಣುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆ 1958ರಲ್ಲಿಯೇ ಡೀಮ್ಡ್ ಸ್ಥಾನ ಪಡೆದು ಪ್ರತ್ಯೇಕವಾಗಿ ನಿಂತಿತು. ರಾಮಯ್ಯ ತಾಂತ್ರಿಕ ಕಾಲೇಜು 1998ರಲ್ಲಿ ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಬಡಾವಣೆಯ ಕಲೆ, ವಾಣಿಜ್ಯ, ವಿಜ್ಞಾನ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯದ 2017ರ ವಿಭಜನೆಯ ಬಳಿಕ ಸೆಂಟ್ರಲ್ ಕಾಲೇಜು ಆವರಣದ ಹೊಸ ವಿಶ್ವವಿದ್ಯಾನಿಲಯದ ಪಾಲಿಗೆ ಬಂದವು. ಕಟ್ಟಡಗಳಾಗಲಿ ಮೈದಾನಗಳಾಗಲಿ ಒಂದಿಂಚೂ ಕದಲದೆ ತಂಡಗಳು ಮಾತ್ರ ಪರಸ್ಪರ ದೂರವಾದ ಬಗೆಯನ್ನು ಇಲ್ಲಿ ಸ್ಪಷ್ಟವಾಗಿ ನೋಡಬಹುದು.

ವಿಷಯವಾರು ಬೇರ್ಪಡೆ

1996ರಿಂದ 2009ರವರೆಗೆ ನಡೆದ ಬದಲಾವಣೆಗಳ ತತ್ತ್ವ ಭೂಗೋಳವಲ್ಲ, ಕಲಿಕೆಯ ವಿಷಯ. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಆರಂಭವಾಗಿ ರಾಜ್ಯದ ವೈದ್ಯಕೀಯ, ದಂತವೈದ್ಯಕೀಯ, ಶುಶ್ರೂಷಾ ಕಾಲೇಜುಗಳು ಅದರಡಿ ಬಂದವು. 1998ರ ಏಪ್ರಿಲ್ 1ರಂದು ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು, ಅದುವರೆಗೆ ಆಯಾ ಪ್ರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಹಂಚಿಹೋಗಿದ್ದ ಇಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಛತ್ರದಡಿ ತಂದಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯ ಕಾನೂನು ಕಾಲೇಜುಗಳಿಗೆ ಅದೇ ಕೆಲಸ ಮಾಡಿತು. ಪಠ್ಯಕ್ರಮದಲ್ಲಿ ಏಕರೂಪತೆ, ಪರೀಕ್ಷೆಗಳಲ್ಲಿ ಸಮಾನ ಮಟ್ಟ, ಪ್ರಾದೇಶಿಕ ವಿಶ್ವವಿದ್ಯಾನಿಲಯಗಳ ಮೇಲಿನ ಹೊರೆಯ ಇಳಿಕೆ ಈ ಕ್ರಮಗಳ ಉದ್ದೇಶವಾಗಿತ್ತು.

ಕ್ರೀಡೆಯ ಮೇಲೆ ಇದರ ಪರಿಣಾಮ ಇಮ್ಮುಖವಾದದ್ದು. ಬಸವನಗುಡಿಯ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜನ್ನು ಉದಾಹರಣೆಯಾಗಿ ತೆಗೆದುಕೊಂಡರೆ, 1946ರಿಂದ ಮೈಸೂರು, 1964ರಿಂದ ಬೆಂಗಳೂರು, 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ಎಂದು ಅದು ಮೂರು ವಿಶ್ವವಿದ್ಯಾನಿಲಯಗಳನ್ನು ಕಂಡಿದೆ. ಮೂರನೆಯ ವ್ಯಾಪ್ತಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗಿನ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಅದರ ಸಂಭಾವ್ಯ ಎದುರಾಳಿಗಳಾದವು, ಆದರೆ ಕೆಲವೇ ಫರ್ಲಾಂಗು ದೂರದ ನ್ಯಾಷನಲ್ ಕಾಲೇಜು ಎದುರಾಳಿಯಾಗಿ ಉಳಿಯಲಿಲ್ಲ. ರಾಜ್ಯವ್ಯಾಪಿ ವಿಶ್ವವಿದ್ಯಾನಿಲಯದಲ್ಲಿ ಎಲ್ಲ ತಂಡಗಳೂ ಎಲ್ಲ ತಂಡಗಳೊಡನೆ ಆಡುವುದು ಸಾಧ್ಯವಿಲ್ಲದ್ದರಿಂದ, ಕಾಲೇಜುಗಳು ಮೊದಲು ತಮ್ಮ ವಿಭಾಗದೊಳಗೆ ಆಡಿ ಗೆದ್ದವರು ಮುಂದಿನ ಹಂತಕ್ಕೆ ಹೋಗುವ ಪದ್ಧತಿ ಅನಿವಾರ್ಯವಾಯಿತು. ಇದಕ್ಕಿಂತ ಆಳವಾದ ಬದಲಾವಣೆಯೆಂದರೆ, ಇಂಜಿನಿಯರಿಂಗ್ ವಿದ್ಯಾರ್ಥಿ ಇಂಜಿನಿಯರಿಂಗ್ ವಿದ್ಯಾರ್ಥಿಯೊಡನೆ, ವೈದ್ಯಕೀಯ ವಿದ್ಯಾರ್ಥಿ ವೈದ್ಯಕೀಯ ವಿದ್ಯಾರ್ಥಿಯೊಡನೆ ಮಾತ್ರ ಆಡುವಂತಾದುದು. ತರಗತಿಯಲ್ಲಿ ಬೇರ್ಪಟ್ಟ ಯುವಜನರನ್ನು ಬೆರೆಸುವ ಜಾಗವಾಗಿದ್ದ ಮೈದಾನವೂ ತರಗತಿಯ ಗೆರೆಗಳನ್ನೇ ಅನುಸರಿಸಿತು.

ಇದಕ್ಕೆ ಅಪವಾದವಾಗಿ ನಿಂತದ್ದು ವಿಶ್ವೇಶ್ವರಯ್ಯನವರೇ ಕಟ್ಟಿದ ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜು. ಬೆಂಗಳೂರು ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಗಿದ್ದ, ಯು.ವಿ.ಸಿ.ಇ. ಎಂದು ಕರೆಯುವ ಈ ಕಾಲೇಜು 1998ರ ಬಳಿಕವೂ ಅಲ್ಲಿಯೇ ಮುಂದುವರಿದು, 2021ರ ಶಾಸನದ ಮೂಲಕ ತಾನೇ ಒಂದು ವಿಶ್ವವಿದ್ಯಾನಿಲಯವಾಯಿತು.

2017ರ ತ್ರಿವಿಭಜನೆ

ಬೆಂಗಳೂರು ವಿಶ್ವವಿದ್ಯಾನಿಲಯದ ಪ್ರಾದೇಶಿಕ ವ್ಯಾಪ್ತಿ 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಬೇರ್ಪಟ್ಟಾಗಲೇ ಒಮ್ಮೆ ಕುಗ್ಗಿತ್ತು. ಆ ಬಳಿಕವೂ ಅದರಲ್ಲಿ ಆರುನೂರಕ್ಕೂ ಹೆಚ್ಚು ಕಾಲೇಜುಗಳಿದ್ದು, ಪರೀಕ್ಷೆ ಮತ್ತು ಫಲಿತಾಂಶಗಳ ನಿರ್ವಹಣೆ ಕಷ್ಟವಾಯಿತೆಂಬ ಕಾರಣದಿಂದ 2015ರಲ್ಲಿ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆಗೆ ತಿದ್ದುಪಡಿ ಮಾಡಿ, 2017ರಲ್ಲಿ ಅದನ್ನು ಮೂರು ಭಾಗ ಮಾಡಲಾಯಿತು. ಜ್ಞಾನಭಾರತಿಯ ಮಾತೃ ವಿಶ್ವವಿದ್ಯಾನಿಲಯ, ಸೆಂಟ್ರಲ್ ಕಾಲೇಜು ಆವರಣದ ಬೆಂಗಳೂರು ಕೇಂದ್ರ ವಿಶ್ವವಿದ್ಯಾನಿಲಯ, ಕೋಲಾರದ ಟಮಕದಲ್ಲಿ ಆಡಳಿತ ಕಚೇರಿಯುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಎಂಬುವು ಆ ಮೂರು. ಕೇಂದ್ರ ವಿಶ್ವವಿದ್ಯಾನಿಲಯವು ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾನಿಲಯ ಎಂಬ ಹೆಸರು ಪಡೆಯಿತು. ಅದಕ್ಕೆ ಡಾ. ಮನಮೋಹನ ಸಿಂಗ್ ಅವರ ಹೆಸರಿಡುವುದಾಗಿ 2025ರ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾಯಿತು.

ಕಾಲೇಜುಗಳ ಹಂಚಿಕೆಗೆ ವಿಧಾನಸಭಾ ಕ್ಷೇತ್ರಗಳ ಗಡಿಗಳನ್ನು ಆಧಾರವಾಗಿಟ್ಟುಕೊಂಡದ್ದು ಈ ವಿಭಜನೆಯ ಗಮನಾರ್ಹ ಅಂಶ. ಕ್ಷೇತ್ರದ ಗಡಿಯನ್ನು ಮತದಾರರ ಸಂಖ್ಯೆಯನ್ನು ನೋಡಿ ಎಳೆಯುತ್ತಾರೆಯೇ ಹೊರತು ಕಾಲೇಜುಗಳ ಹಳೆಯ ಸ್ನೇಹ ಸ್ಪರ್ಧೆಗಳನ್ನು ನೋಡಿ ಅಲ್ಲ. ಹೀಗಾಗಿ ಮತಪೆಟ್ಟಿಗೆಗೆಂದು ಎಳೆದ ಗೆರೆ ಕಬಡ್ಡಿ, ಖೋಖೋ, ವಾಲಿಬಾಲ್ ಅಂಗಳಗಳ ಮೇಲೂ ಹಾದುಹೋಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಕಾಲೇಜುಗಳು ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿದವು, ರಾಮನಗರದ ಕಾಲೇಜುಗಳು ಜ್ಞಾನಭಾರತಿಯೊಂದಿಗೆ ಉಳಿದವು. ನಗರದ ಒಳಗೂ ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ದಾಟಿದರೆ ವಿಶ್ವವಿದ್ಯಾನಿಲಯ ಬದಲಾಗುವಂತಾಯಿತು.

ಹಾಗೆಂದು ಇದನ್ನು ನಷ್ಟವೆಂದೇ ಎಣಿಸುವುದು ಸರಿಯಲ್ಲ. ಆರುನೂರು ಕಾಲೇಜುಗಳಿಗೆ ಒಂದೇ ತಂಡವಿದ್ದಾಗ ದಕ್ಷಿಣ ವಲಯಕ್ಕೆ ಹೋಗುವ ಹನ್ನೆರಡು ವಾಲಿಬಾಲ್ ಆಟಗಾರರಲ್ಲಿ ಒಬ್ಬರಾಗುವುದು ಸಣ್ಣ ಊರಿನ ವಿದ್ಯಾರ್ಥಿಗೆ ಅತಿ ಕಠಿಣವಾಗಿತ್ತು. ಮೂರು ವಿಶ್ವವಿದ್ಯಾನಿಲಯಗಳಾದ ಮೇಲೆ ಅದೇ ಪ್ರದೇಶದಿಂದ ಮೂರು ತಂಡಗಳು ಹೋಗತೊಡಗಿ ಅವಕಾಶ ಮೂರು ಪಟ್ಟಾಯಿತು. ಕೋಲಾರದ ಹುಡುಗಿಯೊಬ್ಬಳು ಆಯ್ಕೆ ಪಂದ್ಯಕ್ಕಾಗಿ ಬೆಂಗಳೂರಿನ ಪಶ್ಚಿಮದ ತುದಿಯವರೆಗೆ ಬರಬೇಕಾದ ಅಗತ್ಯ ತಪ್ಪಿತು. ಇದಕ್ಕೆ ತೆತ್ತ ಬೆಲೆಯೆಂದರೆ, ಪ್ರತಿಭೆ ಹಂಚಿಹೋಗಿ ಪ್ರತಿ ತಂಡದ ಆಳ ಕಡಿಮೆಯಾದದ್ದು ಮತ್ತು ಹಿಂದೆ ಒಂದೇ ವಿಭಾಗದಲ್ಲಿ ಕೂಡಿದ್ದ ಶುಲ್ಕ, ಸಲಕರಣೆ, ತರಬೇತುದಾರರನ್ನು ಹೊಸ ವಿಶ್ವವಿದ್ಯಾನಿಲಯಗಳು ಮೊದಲಿಂದ ಹೊಂದಿಸಿಕೊಳ್ಳಬೇಕಾದದ್ದು.

ಕಾಲೇಜೇ ವಿಶ್ವವಿದ್ಯಾನಿಲಯವಾದಾಗ

ಮೂರನೆಯ ಬಗೆಯ ಬದಲಾವಣೆಯಲ್ಲಿ ಕಾಲೇಜು ಒಂದು ವ್ಯಾಪ್ತಿಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ತಾನೇ ಒಂದು ವ್ಯಾಪ್ತಿಯಾಗುತ್ತದೆ. 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ಸ್ಥಾನ ಪಡೆಯಿತು. ಜೈನ್ ಸಮೂಹದ ಕಾಲೇಜು ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಪಿ.ಇ.ಎಸ್. 2013ರಲ್ಲಿ ರಾಜ್ಯ ಶಾಸನದ ಮೂಲಕ ವಿಶ್ವವಿದ್ಯಾನಿಲಯವಾಗಿ ರೂಪಾಂತರಗೊಂಡಿತು. ನೃಪತುಂಗ ರಸ್ತೆಯ ಸರ್ಕಾರಿ ವಿಜ್ಞಾನ ಕಾಲೇಜು ನೃಪತುಂಗ ವಿಶ್ವವಿದ್ಯಾನಿಲಯವಾದರೆ, ಮಹಾರಾಣಿ ಕಾಲೇಜುಗಳ ಗುಂಪು ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾನಿಲಯವಾಯಿತು. 1882ರ ಸೇಂಟ್ ಜೋಸೆಫ್ಸ್ ಕಾಲೇಜು ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾನಿಲಯವಾಗಿ, 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಂದ ಉದ್ಘಾಟನೆಗೊಂಡಿತು.

ಇಂಥ ಸಂಸ್ಥೆಯ ತಂಡಕ್ಕೆ ಅಂತರಕಾಲೇಜು ಎಂಬ ಮೊದಲ ಮೆಟ್ಟಿಲೇ ಇರುವುದಿಲ್ಲ. ಅದು ನೇರವಾಗಿ ದಕ್ಷಿಣ ವಲಯದಲ್ಲಿ ಮದ್ರಾಸ್, ಕೇರಳ, ಕಲ್ಲಿಕೋಟೆ, ಉಸ್ಮಾನಿಯಾದಂಥ ಹಳೆಯ ವಿಶ್ವವಿದ್ಯಾನಿಲಯಗಳ ಎದುರು ನಿಲ್ಲುತ್ತದೆ.

ಇದರಿಂದ ದೊರೆಯುವ ಲಾಭಕ್ಕೆ ಜೈನ್ ವಿಶ್ವವಿದ್ಯಾನಿಲಯ ಒಳ್ಳೆಯ ನಿದರ್ಶನ. ಕ್ರೀಡಾಪಟುಗಳಿಗೆ ಪ್ರವೇಶ, ಹಾಜರಾತಿ, ಶುಲ್ಕಗಳಲ್ಲಿ ಅನುಕೂಲ ಮಾಡಿಕೊಡುವ ನೀತಿಯನ್ನು ತಾನೇ ರೂಪಿಸಿಕೊಳ್ಳಬಲ್ಲ ಈ ಸಂಸ್ಥೆಯು 2022ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಎರಡನೆಯ ಆವೃತ್ತಿಗೆ ಆತಿಥ್ಯ ವಹಿಸಿ, 20 ಚಿನ್ನದ ಪದಕಗಳೊಂದಿಗೆ ಪಟ್ಟಿಯ ಅಗ್ರಸ್ಥಾನ ಪಡೆಯಿತು. ಸಂಯೋಜಿತ ಕಾಲೇಜಾಗಿಯೇ ಉಳಿದಿದ್ದರೆ ಆ ಪದಕಗಳು ಮಾತೃ ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಸೇರುತ್ತಿದ್ದವು. ಬಲಿಷ್ಠ ಕಾಲೇಜೊಂದು ಹೊರಬಿದ್ದಾಗ ಉಳಿದವರ ಪಂದ್ಯಾವಳಿ ಎಷ್ಟು ಸೊರಗುತ್ತದೆ ಎಂಬುದಕ್ಕೂ ಇದೇ ಅಳತೆಗೋಲು.

ಕರಾವಳಿ ಮತ್ತು ಕಾಸರಗೋಡು

ರಾಜ್ಯದ ಗಡಿಯೇ ಬದಲಾದಾಗ ಕಾಲೇಜುಗಳ ವ್ಯಾಪ್ತಿ ಬದಲಾದ ಉದಾಹರಣೆಗಳು ಕರಾವಳಿಯಲ್ಲಿವೆ. 1880ರಲ್ಲಿ ಆರಂಭವಾದ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ಮದ್ರಾಸ್ ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಈ ರಾಜ್ಯದ ವ್ಯಾಪ್ತಿಗೆ ಬಂತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದ ಮಂಗಳಗಂಗೋತ್ರಿಯು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾದಾಗ ಕಾಲೇಜು ಅದಕ್ಕೆ ಸೇರಿ, 2024ರಲ್ಲಿ ತಾನೇ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಕ್ರೀಡಾಪಟುಗಳ ಬಲದಿಂದ ಅಥ್ಲೆಟಿಕ್ಸ್‌ನಲ್ಲಿ ದೇಶದ ಮುಂಚೂಣಿಯ ವಿಶ್ವವಿದ್ಯಾನಿಲಯಗಳಲ್ಲಿ ಒಂದೆನಿಸಿಕೊಂಡದ್ದು ಮಂಗಳೂರು ವಿಶ್ವವಿದ್ಯಾನಿಲಯ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆದದ್ದೂ ಮೂಡುಬಿದಿರೆಯಲ್ಲಿಯೇ.

ಅದೇ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕಥೆ ಇನ್ನೊಂದು ದಿಕ್ಕಿನದು. 1957ರಲ್ಲಿ ಆರಂಭವಾದ ಕಾಸರಗೋಡು ಸರ್ಕಾರಿ ಕಾಲೇಜು ಮೊದಲು ಕೇರಳ ವಿಶ್ವವಿದ್ಯಾನಿಲಯ, 1968ರಿಂದ ಕಲ್ಲಿಕೋಟೆ ವಿಶ್ವವಿದ್ಯಾನಿಲಯ, 1996ರಿಂದ ಕಣ್ಣೂರು ವಿಶ್ವವಿದ್ಯಾನಿಲಯ ಹೀಗೆ ಮೂರರಡಿ ಬಂದಿದೆ. ಕನ್ನಡ ವಿಭಾಗವಿರುವ, ಕನ್ನಡ ಮಾತನಾಡುವ ವಿದ್ಯಾರ್ಥಿಗಳು ಓದುವ ಈ ಕಾಲೇಜಿನ ತಂಡಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿನ ಕಾಲೇಜುಗಳು ಅಂತರಕಾಲೇಜು ಎದುರಾಳಿಗಳಲ್ಲ, ತೆಂಕಣ ಕಣ್ಣೂರು ಸೀಮೆಯ ಕಾಲೇಜುಗಳೇ ಎದುರಾಳಿಗಳು. ಭಾಷೆಯ ನಂಟು ಒಂದು ಕಡೆಗೆ, ಆಟದ ನಂಟು ಇನ್ನೊಂದು ಕಡೆಗೆ ಎಳೆಯುವ ಸ್ಥಿತಿ ಇದು. ಫುಟ್‌ಬಾಲ್ ಆಡುವ ಕಾಸರಗೋಡಿನ ಹುಡುಗನಿಗೆ ಕೇರಳದ ಗಟ್ಟಿ ಫುಟ್‌ಬಾಲ್ ಪರಂಪರೆ ದೊರೆತದ್ದು ಈ ಬದಲಾವಣೆಯ ಫಲವೆಂಬುದನ್ನೂ ಮರೆಯುವಂತಿಲ್ಲ.

ಅಮೆರಿಕದ ಕಾನ್ಫರೆನ್ಸ್ ಬದಲಾವಣೆಯೊಡನೆ ಹೋಲಿಕೆ

ಅಮೆರಿಕದಲ್ಲಿ ಕಾನ್ಫರೆನ್ಸ್ ಎಂದರೆ ಪರಸ್ಪರ ಆಡಲು ಒಪ್ಪಿಕೊಂಡ ವಿಶ್ವವಿದ್ಯಾನಿಲಯಗಳ ಒಕ್ಕೂಟ. ಅಲ್ಲಿನ ಫುಟ್‌ಬಾಲ್ ಎಂಬುದು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಸ್ವಂತ ಆಟವೇ ಹೊರತು ಬೆಂಗಳೂರಿನಲ್ಲಿ ಆಡುವ ಕಾಲ್ಚೆಂಡಿನಾಟವಲ್ಲ. ಬಿಗ್ ಟೆನ್ ಒಕ್ಕೂಟ 1896ರಲ್ಲಿ ಷಿಕಾಗೋ ಸುತ್ತಲಿನ ನೆರೆಹೊರೆಯ ವಿಶ್ವವಿದ್ಯಾನಿಲಯಗಳಿಂದ ಹುಟ್ಟಿತು. ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದ ಬೇರು 1915ರಲ್ಲಿದೆ. ಎರಡೂ ಮೂಲತಃ ಭೂಗೋಳದ ಒಕ್ಕೂಟಗಳು. 1984ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಫುಟ್‌ಬಾಲ್ ಪ್ರಸಾರದ ಮೇಲೆ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆಗಿದ್ದ ಹಿಡಿತವನ್ನು ತೆಗೆದುಹಾಕಿದ ಮೇಲೆ ಪ್ರಸಾರದ ಹಕ್ಕನ್ನು ವಿಶ್ವವಿದ್ಯಾನಿಲಯಗಳೂ ಒಕ್ಕೂಟಗಳೂ ತಾವೇ ಮಾರತೊಡಗಿದವು, ದೂರದರ್ಶನದ ಆದಾಯವೇ ಒಕ್ಕೂಟಗಳ ಗಡಿಯನ್ನು ನಿರ್ಧರಿಸುವ ಶಕ್ತಿಯಾಯಿತು. 1996ರಲ್ಲಿ ನೈರುತ್ಯ ಒಕ್ಕೂಟ ಮುಚ್ಚಿಹೋಯಿತು. 2022ರ ಜೂನ್ 30ರಂದು ಲಾಸ್ ಏಂಜಲೀಸ್ ನಗರದ ಎರಡು ದೊಡ್ಡ ವಿಶ್ವವಿದ್ಯಾನಿಲಯಗಳು ಪ್ಯಾಕ್-12 ಬಿಟ್ಟು ಬಿಗ್ ಟೆನ್ ಸೇರುವುದಾಗಿ ಪ್ರಕಟಿಸಿದವು. 2024ರ ಹೊತ್ತಿಗೆ ಬಿಗ್ ಟೆನ್‌ನಲ್ಲಿ 18 ಸದಸ್ಯರಿದ್ದರೆ, ಪ್ಯಾಕ್-12ರಲ್ಲಿ ಉಳಿದವರು ಇಬ್ಬರೇ. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಒಕ್ಕೂಟಕ್ಕೆ ಸೇರಿತು. ಓಕ್ಲಹೋಮಾ ರಾಜ್ಯದ ಎರಡು ವಿಶ್ವವಿದ್ಯಾನಿಲಯಗಳ ನಡುವೆ ಶತಮಾನದಿಂದ ನಡೆದುಬಂದ ವಾರ್ಷಿಕ ಪಂದ್ಯ 2023ರ ಬಳಿಕ ನಿಂತುಹೋಯಿತು.

ಎರಡು ದೇಶಗಳ ಕಾರಣಗಳು ಪರಸ್ಪರ ವಿರುದ್ಧ. ಅಲ್ಲಿ ಆಟವೇ ಯಜಮಾನ: ಪಾಠಪ್ರವಚನ ಇದ್ದಲ್ಲೇ ಇರುತ್ತದೆ, ತಂಡ ಮಾತ್ರ ಒಕ್ಕೂಟ ಬದಲಾಯಿಸುತ್ತದೆ. ಇಲ್ಲಿ ಪರೀಕ್ಷೆಯೇ ಯಜಮಾನ: ಪದವಿ ಪತ್ರದ ಮೊಹರು ಬದಲಾಗುತ್ತದೆ, ತಂಡ ಅದರ ಹಿಂದೆ ಹೋಗುತ್ತದೆ. ಅಲ್ಲಿ ಬದಲಾವಣೆ ವಿಶ್ವವಿದ್ಯಾನಿಲಯದ ಆಯ್ಕೆ, ಇಲ್ಲಿ ಬಹುಪಾಲು ಅದು ಶಾಸನದ ಆಜ್ಞೆ. ಆದರೂ ಫಲ ಒಂದೇ ಆಗಿದೆ: ನೆರೆಯವನೊಡನೆ ಆಡುವ ಅಭ್ಯಾಸ ಕಡಿದುಹೋಗಿ, ಆ ಜಾಗಕ್ಕೆ ಪಟ್ಟಿಯ ಮೇಲಿನ ಹೆಸರುಗಳು ಬಂದಿವೆ.

ಕರ್ನಾಟಕದ ಕ್ರಿಕೆಟ್ ಪ್ರಿಯರಿಗೆ ಇದರ ಇನ್ನೊಂದು ರೂಪ ಪರಿಚಿತವಾದದ್ದು. ರಣಜಿ ಟ್ರೋಫಿಯಲ್ಲಿ ಕರ್ನಾಟಕವು ದಕ್ಷಿಣ ವಲಯದ ಲೀಗಿನಲ್ಲಿ ತಮಿಳುನಾಡು, ಹೈದರಾಬಾದ್, ಕೇರಳ, ಆಂಧ್ರಗಳೊಡನೆ ವರ್ಷವರ್ಷವೂ ಆಡುತ್ತಿತ್ತು. 2002–03ರಲ್ಲಿ ವಲಯ ಪದ್ಧತಿಯನ್ನು ಕೈಬಿಟ್ಟು ಬಲಾಬಲದ ಆಧಾರದ ಮೇಲೆ ಎಲೈಟ್ ಮತ್ತು ಪ್ಲೇಟ್ ಗುಂಪುಗಳನ್ನು ಮಾಡಿದ ಮೇಲೆ ಆ ವಾರ್ಷಿಕ ಭೇಟಿಗಳ ಖಾತರಿ ಹೋಯಿತು, ಆದರೆ ಸಮಬಲರೊಡನೆ ಆಡುವ ಅವಕಾಶ ಹೆಚ್ಚಿತು. ಕರ್ನಾಟಕದ ಎಂಟು ರಣಜಿ ಗೆಲುವುಗಳಲ್ಲಿ ಆರು ಹಳೆಯ ಪದ್ಧತಿಯಲ್ಲಿ, ಎರಡು ಹೊಸ ಪದ್ಧತಿಯಲ್ಲಿ ಬಂದವು.

ಪರಿಣಾಮಗಳ ವಿವೇಚನೆ

ಒಟ್ಟಾರೆಯಾಗಿ ನೋಡಿದರೆ, ಬೆಂಗಳೂರಿನ ಕಾಲೇಜು ತಂಡಗಳ ವ್ಯಾಪ್ತಿಯನ್ನು ಮೂರು ಬೇರೆ ಬೇರೆ ತತ್ತ್ವಗಳು ಒಂದರ ಮೇಲೊಂದು ಗೆರೆ ಎಳೆದು ರೂಪಿಸಿವೆ. 1916 ಮತ್ತು 1964ರ ಬದಲಾವಣೆಗಳು ಪ್ರದೇಶವನ್ನು ಕೂಡಿಸಿದವು, 1996ರಿಂದ ನಡೆದವು ವಿಷಯವನ್ನು ಹಿಡಿದು ಬೇರ್ಪಡಿಸಿದವು, 2008ರ ಈಚಿನವು ಬಹುಮಟ್ಟಿಗೆ ಸಂಸ್ಥೆಯನ್ನೇ ಘಟಕವಾಗಿಸಿದವು. ಇವುಗಳಿಂದ ವಿಶ್ವವಿದ್ಯಾನಿಲಯದ ಜೆರ್ಸಿ ತೊಡುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿತು, ಸಣ್ಣ ಊರುಗಳಿಗೆ ಬಾಗಿಲು ತೆರೆಯಿತು, ಕ್ರೀಡೆಗೆ ಹಣ ಹೂಡುವ ಸಂಸ್ಥೆಗಳಿಗೆ ಸ್ವಾತಂತ್ರ್ಯ ದೊರೆಯಿತು. ಕಳೆದುಹೋದದ್ದನ್ನು ಅಂಕಿಗಳಲ್ಲಿ ಹೇಳುವುದು ಕಷ್ಟವಾದರೂ ಅದು ಕಡಿಮೆ ಬೆಲೆಯದಲ್ಲ. ಎದುರಾಳಿಯ ಬೌಲರನ ಹೆಸರು ಗೊತ್ತಿದ್ದು, ಕಳೆದ ವರ್ಷದ ಸೋಲು ನೆನಪಿದ್ದು, ಪಂದ್ಯ ನೋಡಲು ಎರಡೂ ಕಾಲೇಜುಗಳ ಸಹಪಾಠಿಗಳು ನಡೆದುಕೊಂಡು ಬರುವಷ್ಟು ಹತ್ತಿರವಿದ್ದಾಗ ಮಾತ್ರ ಕಾಲೇಜು ಕ್ರೀಡೆ ಇಡೀ ಕಾಲೇಜಿನ ವಿಷಯವಾಗುತ್ತದೆ. ಪ್ರೇಕ್ಷಕರಿಲ್ಲದ ಪಂದ್ಯಾವಳಿ ಆಯ್ಕೆಯ ವಿಧಾನವಾಗಿ ಉಳಿದೀತೇ ಹೊರತು ಪರಂಪರೆಯಾಗಿ ಬೆಳೆಯಲಾರದು.

ವಿಶ್ವವಿದ್ಯಾನಿಲಯಗಳನ್ನು ವಿಭಜಿಸುವಾಗ ಆಸ್ತಿ, ಸಿಬ್ಬಂದಿ, ಪರೀಕ್ಷಾ ದಾಖಲೆಗಳ ಹಂಚಿಕೆಗೆ ನೀಡುವ ಗಮನವನ್ನು ಪಂದ್ಯಾವಳಿಗಳಿಗೂ ನೀಡಬೇಕಾದುದು ಈ ಇತಿಹಾಸದಿಂದ ಹೊರಡುವ ಪಾಠ. ಸಂಯೋಜನೆಯ ಗೆರೆಗಳನ್ನು ಲೆಕ್ಕಿಸದೆ ಒಂದು ನಗರದ ಕಾಲೇಜುಗಳೆಲ್ಲ ವರ್ಷಕ್ಕೊಮ್ಮೆ ಕೂಡಿ ಆಡುವ ಪಂದ್ಯಾವಳಿಗೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ, ದೈಹಿಕ ಶಿಕ್ಷಣ ನಿರ್ದೇಶಕರ ಒಪ್ಪಂದ ಮತ್ತು ಒಂದು ಮೈದಾನ ಇದ್ದರೆ ಸಾಕು. ಮದ್ರಾಸ್, ಮೈಸೂರು, ಬೆಂಗಳೂರು ವಿಶ್ವವಿದ್ಯಾನಿಲಯಗಳ ಹೆಸರಿನಲ್ಲಿ ಸರದಿಯಂತೆ ಆಟ ಕಂಡ ಸೆಂಟ್ರಲ್ ಕಾಲೇಜಿನ ಅಂಗಳವು ಮಲ್ಲೇಶ್ವರಕ್ಕೂ ಚಾಮರಾಜಪೇಟೆಗೂ ಬಸವನಗುಡಿಗೂ ಹೆಚ್ಚು ಕಡಿಮೆ ನಡುವೆ ಇದೆ. 2014ರ ಮಾರ್ಚಿನಲ್ಲಿ ಆರಂಭವಾದ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣದ ಹಸಿರು ಮಾರ್ಗ ಇಂದು ದಕ್ಷಿಣಕ್ಕೆ ಬಸವನಗುಡಿಯ ಸೆರಗಿನ ನ್ಯಾಷನಲ್ ಕಾಲೇಜು ನಿಲ್ದಾಣವನ್ನೂ ದಾಟಿ ಸಾಗುತ್ತದೆ. ಹಿಂದಿನ ಕಾಲದ ತಂಡಗಳು ಬಸ್ಸು ಬದಲಾಯಿಸಿ ಕ್ರಮಿಸುತ್ತಿದ್ದ ದೂರವನ್ನು ಇಂದಿನ ತಂಡವೊಂದು ಕಿಟ್ಟು ಹೊತ್ತು ಕೆಲವೇ ನಿಮಿಷಗಳಲ್ಲಿ ಕ್ರಮಿಸಬಹುದು. ಎದುರು ಬದಿಯಲ್ಲಿ ಆಡಲು ಕಾದಿರುವ ತಂಡವನ್ನು ವೇಳಾಪಟ್ಟಿಯಲ್ಲಿ ಮರಳಿ ಸೇರಿಸುವ ಕೆಲಸವಷ್ಟೇ ಬಾಕಿಯಿದೆ.